ಏನೂ ಆಗಬಾರದ ಗೀರು

ನೊಣ ಕೂರಬಾರದು, ಕೈ ಬೀಸುತ್ತಿರು ಅಂದಿದ್ದಾರೆ ಡಾಕ್ಟರಬಾಯಿ, ಬೀಸುತ್ತಿದ್ದೇನೆ, ನನ್ನ ಮಗ ಗೂಳಪ್ಪ ನನ್ನ ಎದೆಗೆ ಮುಖ ಒತ್ತಿಕೊಂಡು ತೊಡೆಯ ಮೇಲೆ ಕೂತಿದ್ದಾನೆ, ಅವನ ಬರಿ ಬೆನ್ನು ನನ್ನ ಕಣ್ಣ ಕೆಳಗೇ ಇದೆ, ಎಷ್ಟು ಸಣ್ಣ ಬೆನ್ನು, ಎಲುಬು ಎಣಿಸಬಹುದು, ಆ ಬೆನ್ನ ತುಂಬ ಸಾಲಾಗಿ ಸೂಜಿಯ ಗೀರು, ಒಂದೊಂದು ಗೀರಿನ ಮೇಲೆ ಒಂದೊಂದು ಹನಿ, ಪಕ್ಕದಲ್ಲಿ ನೀಲಿ ಮಸಿಯ ಗುರುತು — ಈ ಮಸಿ ಅಂಗಿಗೆ ಹತ್ತಿದರೆ ಬಿಡುತ್ತದೋ ಇಲ್ಲವೋ, ನಿನ್ನೆಯಷ್ಟೇ ಒಗೆದ ಅಂಗಿ — ಸಾಲೆಯ ಪಡಸಾಲೆಯಲ್ಲಿ ನಮ್ಮ ಓಣಿಯ ಹೆಂಗಸರೆಲ್ಲ ಹೀಗೇ ಮಕ್ಕಳ ಬೆನ್ನು ಬಿಚ್ಚಿಸಿಕೊಂಡು ಕೂತಿದ್ದಾರೆ, ಒಳಗೆ ಮಾಸ್ತರರು ಮಗ್ಗಿ ಹೇಳಿಸುತ್ತಿದ್ದಾರೆ, ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು, ಆ ಧ್ವನಿ ಇಷ್ಟು ಚೊಕ್ಕಟ ಕೇಳುತ್ತಿರುವುದು ಇವತ್ತು ಸೋಮವಾರ ಅಂತ, ಸೋಮವಾರ ಬನಹಟ್ಟಿಯಲ್ಲಿ ಎತ್ತಿಗೂ ಬಿಡುವು, ನಮ್ಮ ಓಣಿಯ ಮಗ್ಗಕ್ಕೂ ಬಿಡುವು, ಉಳಿದ ದಿನವಾದರೆ ಲಾಳಿಯ ಸದ್ದಿನಲ್ಲಿ ಪಕ್ಕದಲ್ಲೇ ನಿಂತು ಅತ್ತೆ ಬೈದರೂ ಕೇಳುವುದಿಲ್ಲ, ಅದೂ ಒಂದು ಪುಣ್ಯವೇ. ಗೂಳಪ್ಪ ಮಿಸುಕುತ್ತಾನೆ. ಅವ್ವಾ, ತುರಸ್ತೈತಿ. ತಡಿಯೋ ನನ್ನಪ್ಪಾ, ಡಾಕ್ಟರಬಾಯಿ ಗಡಿಯಾರ ನೋಡಾಕತ್ತಾರ, ಇನ್ನೊಂದೀಟು ತಡಿ. ಅವನು ಕೈ ಹಿಂದೆ ಒಯ್ಯುತ್ತಾನೆ, ನಾನು ಹಿಡಿಯುತ್ತೇನೆ, ಎಲ್ಲಿ ತುರಿಸುತ್ತದೆ ಅಂತ ಬಗ್ಗಿ ನೋಡುತ್ತೇನೆ, ಕೊನೆಯ ಗೀರು, ಎಡಗಡೆ ಕೆಳಗೆ, ಉಡಿದಾರಕ್ಕಿಂತ ಸ್ವಲ್ಪ ಮೇಲೆ, ಆಗ ಬರಿ ಗೀರಾಗಿದ್ದದ್ದು ಈಗ ಬೆಳ್ಳಗೆ ಉಬ್ಬಿದೆ, ನೆನೆಹಾಕಿದ ಕಡಲೆಕಾಳಿನಷ್ಟು.

ಕೊನೆಯದು ಉಬ್ಬಬಾರದು, ಅದನ್ನು ಡಾಕ್ಟರಬಾಯಿಯೇ ಹೇಳಿದ್ದರು, ಬೆಳಿಗ್ಗೆ ನಮ್ಮನ್ನೆಲ್ಲ ಕೂರಿಸಿಕೊಂಡು, ಈ ಕಡೀ ಗೀರು ಅದ ಅಲ್ಲ, ಇದಕ್ಕ ಏನೂ ಆಗಬಾರದು, ಇದು ನಿಮ್ಮ ಮನಿಯೊಳಗ ಇಲ್ಲದ ವಸ್ತು, ಮೈ ಎಂದೂ ಕಂಡಿಲ್ಲದ್ದು, ಕಂಡಿಲ್ಲದ್ದರ ಮ್ಯಾಲೆ ಮೈಗೆ ಸಿಟ್ಟಿರೂದಿಲ್ಲ, ಇದು ಸುಮ್ಮನಿದ್ರ ಉಳಿದ ಗೀರಿನ ಮಾತು ನಾ ನಂಬಬಹುದು. ಏನು ವಸ್ತು ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ, ಕಲಿತವರ ಮಾತು ಅಂತ ತಲೆಯಾಡಿಸಿದೆವು. ಅಲಕಾಬಾಯಿ ಅಂತ ಹೆಸರು, ಜಮಖಂಡಿಯವರು, ಮನೆಯಲ್ಲಿ ಮರಾಠಿ ನಮ್ಮ ಜೊತೆ ಕನ್ನಡ, ಪುಣೆಯಲ್ಲಿ ಡಾಕ್ಟರಕಿ ಕಲಿತು ಬಂದವರು, ಕೈಯಲ್ಲಿ ಬಳೆ ಇಲ್ಲ ಗಡಿಯಾರ ಇದೆ, ನಮ್ಮ ಅತ್ತೆ ಮೊದಲು ನೋಡಿದ್ದು ಅದನ್ನೇ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದಮೇಲೆ ಓಣಿಗೆ ಯಾರ್ಯಾರೋ ಬಂದರು, ಮೈಲಿಬೇನೆಗೆ ಸೂಜಿ ಚುಚ್ಚುವವರು, ಗೋಡೆಗೆ ಸೊಳ್ಳೆಯ ಔಷಧ ಹೊಡೆಯುವವರು, ಅವರು ಬಂದರು ಚುಚ್ಚಿದರು ಹೋದರು, ಈ ಬಾಯಿ ಹಾಗಲ್ಲ, ಗುಳಿಗೆ ಕೊಡುವ ಮೊದಲು ನೂರು ಪ್ರಶ್ನೆ, ನೇಕಾರರ ಮಕ್ಕಳಿಗೆ ದಮ್ಮು ಯಾಕೆ ಬರುತ್ತದೆ, ಮೈ ತುಂಬ ಗಾದರಿ ಯಾಕೆ ಏಳುತ್ತದೆ, ಏನು ತಿನ್ನುತ್ತಾರೆ, ಎಲ್ಲಿ ಮಲಗುತ್ತಾರೆ, ನಮ್ಮ ಮಗ್ಗದ ಕುಣಿಗೆ ಇಳಿದು ಅಲ್ಲಿನ ಹತ್ತಿಯ ಧೂಳನ್ನು ಚಮಚೆಯಿಂದ ಶೀಸೆಗೆ ತುಂಬಿಕೊಂಡು ಹೋದರು, ನೂಲಿಗೆ ಹಚ್ಚುವ ಗಂಜಿ ಒಯ್ದರು, ಬಣ್ಣ ಒಯ್ದರು, ಜೋಳ, ಶೇಂಗಾ, ನಾಯಿಯ ಕೂದಲು ಕೂಡ, ಅವುಗಳದೇ ಹನಿ ಈಗ ಮಕ್ಕಳ ಬೆನ್ನ ಮೇಲೆ, ಆಗ ಓಣಿಯವರೆಲ್ಲ ನಕ್ಕರು, ಈ ಬಾಯಿ ಸಂತಿ ಮಾಡಾಕ ಬಂದಾಳೋ ರೋಗ ನೋಡಾಕ ಬಂದಾಳೋ. ಒಬ್ಬರ ಮೈಗೆ ಅಮೃತ ಆದದ್ದು ಇನ್ನೊಬ್ಬರ ಮೈಗೆ ವಿಷ ಆಗ್ತದರೀ ಶೇವಂತಿಬಾಯಿ, ಯಾವುದು ಅಂತ ಗೊತ್ತಾದ್ರ ಅರ್ಧ ರೋಗ ಹೋದಂಗ, ಅಂದರು ನನಗೆ. ನನ್ನನ್ನು ಬಾಯಿ ಅಂದವರು ಅವರೊಬ್ಬರೇ. ಮನೆಯಲ್ಲಿ ನಾನು ಹುನ್ನೂರಾಕಿ.

ಹುನ್ನೂರಾಕಿ ಅಂದರೆ ಹುನ್ನೂರಿನಿಂದ ಬಂದ ಸೊಸೆ, ಒಕ್ಕಲುತನದ ಮನೆಯವಳು, ನೂಲಿನ ಎಳೆ ಹಿಡಿಯಲು ಬಾರದವಳು, ಬಂದ ವರ್ಷ ನಾನು ಕಂಡಿಕೆಗೆ ಸುತ್ತಿದ ನೂಲು ಲಾಳಿಯಲ್ಲಿ ಸಿಕ್ಕಿ ಹರಿದದ್ದನ್ನು ಅತ್ತೆ ಇನ್ನೂ ಮರೆತಿಲ್ಲ. ಗೂಳಪ್ಪನಿಗೆ ಉಸಿರು ಸಿಕ್ಕಿಕೊಂಡ ಮೊದಲ ಸಲವೇ ಹೇಳಿದಳು, ಇದು ನಮ್ಮ ರಕ್ತದಾಗಿಂದಲ್ಲ, ನಿನ್ನ ಹಾಲಾಗಿಂದು. ಆಮೇಲೆ ಮಾತು ಬೆಳೆಯುತ್ತ ಹೋಯಿತು, ಈ ದೀಪಾವಳಿ ತನಕಾ ನೋಡ್ತೀನಿ, ದಮ್ಮು ಹೋಗಲಿಲ್ಲ ಅಂದ್ರ ನೀ ತವರಿಗೆ ನಡಿ, ಕೂಸು ನಮ್ಮದು, ನಾ ಸಾಕ್ತೀನಿ. ನನ್ನ ಗಂಡ ಮುರಗೆಪ್ಪ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತೇ ಇದ್ದ, ಹೂಂ ಅನ್ನಲಿಲ್ಲ ಊಹೂಂ ಅನ್ನಲಿಲ್ಲ, ಅವನ ಸ್ವಭಾವವೇ ಅಷ್ಟು, ಅವ್ವನ ಮಾತಿಗೂ ಹೆಂಡತಿಯ ಮಾತಿಗೂ ನಡುವೆ ಲಾಳಿ ಓಡಿಸಿಕೊಂಡು ಬದುಕುವವನು. ಆದರೂ ಮಗನಿಗೋಸ್ಕರ ಬಾಗಿಲಿಗೆ ಒದ್ದೆ ಪಂಜೆ ಕಟ್ಟಿದ, ಧೂಳು ಒಳಗೆ ಬರಬಾರದು ಅಂತ, ಹಾಸಿಗೆಯನ್ನು ಅಡುಗೆ ಮನೆಗೆ ಸರಿಸಿದ. ಏನೂ ಆಗಲಿಲ್ಲ. ಅಷ್ಟೇ ಅಲ್ಲ, ದಮ್ಮು ಬರುವುದೇ ಸೋಮವಾರ, ಮಗ್ಗ ನಿಂತ ದಿನ, ಧೂಳು ಏಳದ ದಿನ. ಇದನ್ನು ಹೇಳಿದಾಗ ಡಾಕ್ಟರಬಾಯಿ ಬರೆಯುತ್ತಿದ್ದವರು ತಲೆ ಎತ್ತಿದರು, ಮಿಲ್ಲಿನ ಕೆಲಸಗಾರರಿಗೆ ರಜಾ ಮುಗಿಸಿ ಬಂದ ದಿನ ಎದಿ ಹಿಡೀತದ, ನಿಮ್ಮ ಹುಡುಗಗ ರಜಾದ ದಿನನ ಹಿಡೀತದ, ಇದು ಉಲ್ಟಾನ ಅದ ಅಲ್ಲರೀ. ಅದಕ್ಕೇ ಇವತ್ತು ಸೋಮವಾರವೇ ಕರೆದದ್ದು, ಮಗ್ಗ ಇಲ್ಲ, ತಾಯಂದಿರಿಗೆ ಪುರಸೊತ್ತು. ಸೋಮವಾರ. ಬೆಳಿಗ್ಗೆ ಅತ್ತೆ ಅವನನ್ನು ಮಠಕ್ಕೆ ಕರೆದುಕೊಂಡು ಹೋಗಿ ಬಂದ ಮೇಲೆ ನಾನು ತಲೆ ಬಾಚಿ, ತೊಳೆದ ಅಂಗಿ ಹಾಕಿ, ಇಲ್ಲಿಗೆ ಕರೆತಂದೆ. ಕೈ ಬೀಸುವುದನ್ನು ನಿಲ್ಲಿಸಿಬಿಟ್ಟಿದ್ದೇನೆ, ಒಂದು ನೊಣ ಅವನ ಭುಜದ ಮೇಲೆ ಕೂತಿದೆ, ಹುಶ್, ಆ ಗುಳ್ಳೆ ಈಗ ಕಡಲೆಕಾಳಲ್ಲ, ಅದಕ್ಕಿಂತ ಅಗಲ, ಸುತ್ತ ಕೆಂಪಗೆ.

ಡಾಕ್ಟರಬಾಯಿ ಬಂದರು, ಮೊಣಕಾಲೂರಿ ಕೂತರು, ಮೇಲಿನಿಂದ ಒಂದೊಂದೇ ಗೀರಿಗೆ ಬೆರಳು ಸವರುತ್ತ, ಹತ್ತಿಧೂಳು, ಏನೂ ಇಲ್ಲ, ಗಂಜಿ, ಏನೂ ಇಲ್ಲ, ಬಣ್ಣ, ಶೇಂಗಾ, ನಾಯಿ ಕೂದಲಾ, ಏನೂ ಇಲ್ಲ, ಛಲೋ ಆತಲ್ಲರೀ, ನಿಮ್ಮ ಮಗ್ಗದ್ದೇನೂ ತಪ್ಪಿಲ್ಲ ನೋಡ್ರಿ, ಅಂದರು, ನನಗೆ ಎದೆ ಹಗುರಾಯಿತು, ಅತ್ತೆಯ ಕಡೆ ನೋಡಿದೆ, ಕಂಬಕ್ಕೆ ಒರಗಿ ನಿಂತಿದ್ದ ಅತ್ತೆ ಗುರುಬಾಯಿ ಸೆರಗಿನೊಳಗೆ ಕೊರಳ ಲಿಂಗವನ್ನು ಹಿಡಿದುಕೊಂಡಿದ್ದಳು, ಅದು ಅವಳ ರೂಢಿ, ಹಿಂದಿನ ಓಣಿಯ ಕೋಳಿಯೊಂದು ಅಡ್ಡ ಹಾಯ್ದರೂ ಲಿಂಗ ಹಿಡಿಯುತ್ತಾಳೆ, ಮನೆಗೆ ಬಂದು ಕಾಲು ತೊಳೆಯುತ್ತಾಳೆ. ಆಮೇಲೆ ಡಾಕ್ಟರಬಾಯಿಯ ಬೆರಳು ಕೊನೆಯ ಗೀರಿಗೆ ಬಂತು. ನಿಂತಿತು. ಎದ್ದು ಹೋಗಿ ಪೆಟ್ಟಿಗೆಯಿಂದ ಶೀಸೆ ತೆಗೆದು ಚೀಟಿ ಓದಿದರು, ಮೂಸಿದರು, ಪಕ್ಕದ ಬೋರವ್ವನ ಮಗಳ ಬೆನ್ನು ನೋಡಿದರು, ಅದರಾಚೆಯ ಹುಡುಗನ ಬೆನ್ನು ನೋಡಿದರು, ಎಲ್ಲರ ಕೊನೆಯ ಗೀರೂ ಚಪ್ಪಟೆ, ಮತ್ತೆ ನನ್ನ ಮಗನ ಹತ್ತಿರ ಬಂದರು, ಅವರ ಮುಖದಲ್ಲಿ ಬಣ್ಣ ಇರಲಿಲ್ಲ, ಇದು ಹ್ಯಾಂಗ ಸಾಧ್ಯ, ಅಂದರು, ನಮಗಲ್ಲ, ತಮಗೇ ಅಂದುಕೊಂಡದ್ದು, ಆದರೆ ಪಡಸಾಲೆಗೆಲ್ಲ ಕೇಳಿತು, ಇದು ತತ್ತಿ, ಇಂವಾ ತತ್ತಿ ತಿಂದಾನ.

ತತ್ತಿ, ಕೋಳಿಮೊಟ್ಟೆ. ಆ ಮಾತು ನೆಲಕ್ಕೆ ಬಿದ್ದ ಮೇಲೆ ಒಳಗಿನ ಮಗ್ಗಿ ಒಂದೇ ಕೇಳುತ್ತಿತ್ತು. ನಾನು ತತ್ತಿಯನ್ನು ಕೈಯಿಂದ ಮುಟ್ಟಿದವಳಲ್ಲ, ತವರಿನಲ್ಲೂ ನಾವು ಲಿಂಗ ಕಟ್ಟಿಕೊಂಡವರೇ, ಹುನ್ನೂರಿನ ಸಂತೆಯಲ್ಲಿ ಬುಟ್ಟಿಯೊಳಗೆ ಹುಲ್ಲಿನ ಮೇಲೆ ಇಟ್ಟದ್ದನ್ನು ನೋಡಿದ್ದೇನೆ ಅಷ್ಟೇ, ನೋಡಿದರೂ ಅವ್ವ ಕಣ್ಣು ಮುಚ್ಚಿಸುತ್ತಿದ್ದಳು. ಬೋರವ್ವ ಮೊದಲು ಎದ್ದಳು, ನಮ್ಮ ಮಕ್ಕಳ ಬೆನ್ನಿಗೆ ತತ್ತಿ ಸವರೀರೇನ್ರೀ ಬಾಯಾರ, ನಿಮಗ ಜಾತಿ ನೀತಿ ಐತೋ ಇಲ್ಲೋ. ಡಾಕ್ಟರಬಾಯಿ ಕೈಮುಗಿದರು, ಜಮಖಂಡಿಯ ಡಾಕ್ಟರಬಾಯಿ ನಮಗೆ ಕೈಮುಗಿದರು, ತಪ್ಪಾತರೀ, ಹೆಸರು ಹೇಳಿದ್ರ ನೀವು ಯಾರೂ ಬರ್ತಿದ್ದಿಲ್ಲ, ನಿಮ್ಮ ಮನ್ಯಾಗ ಯಾರೂ ತಿನ್ನೂದಿಲ್ಲ ಅಂತನ ನಾ ಅದನ್ನ ಆರಿಸಿಕೊಂಡಿದ್ದೆ, ಇಡೀ ಓಣಿಯೊಳಗ ಒಂದು ಬೆನ್ನಿಗೂ ಏನೂ ಆಗೂದಿಲ್ಲ ಅಂತ ಗಟ್ಟಿ ನಂಬಿದ್ದೆ. ಹೆಂಗಸರು ಮಕ್ಕಳ ಬೆನ್ನನ್ನು ಸೆರಗಿನಿಂದ ತಿಕ್ಕತೊಡಗಿದರು, ಮಕ್ಕಳು ಅತ್ತವು, ಯಾರೋ ನೀರು ತರಲು ಓಡಿದರು, ಆದರೆ ತಿಕ್ಕುತ್ತ ತಿಕ್ಕುತ್ತಲೇ ಎಲ್ಲರ ಕಣ್ಣೂ ನನ್ನ ಕಡೆಗೆ ತಿರುಗಿದವು, ಯಾಕೆಂದರೆ ಅವರ ಮಕ್ಕಳ ಬೆನ್ನು ಸುಮ್ಮನಿತ್ತು, ನನ್ನ ಮಗನದು ಮಾತಾಡುತ್ತಿತ್ತು. ನಾನು ಅವನ ಅಂಗಿ ಎಳೆದು ಮುಚ್ಚಲು ನೋಡಿದೆ. ಮುಚ್ಚಿದರೆ ಏನು, ನೋಡಿ ಆಗಿತ್ತು.

ಅತ್ತೆ ಕಂಬ ಬಿಟ್ಟು ಬಂದಳು. ಬಂದಿಯಲ್ಲಬೇ ದಾರಿಗೆ, ಅಂದಳು, ಹುನ್ನೂರಿಗೆ ಹೋದಾಗ ತಿನ್ನಿಸಿ ಬಂದೀಯಲ್ಲ, ಕೂಸಿಗೆ ಹೊಲಸ ತಿನ್ನಿಸಿ ನಮ್ಮ ಒಲಿ ಮುಂದ ಕುಂದರಿಸಿದಿ, ನಿನ್ನ ಕೈಲೆ ನಾವು ಉಂಡಿವಲ್ಲೇ ಇಷ್ಟ ದಿನ. ಇಲ್ರೀ ಅತ್ತಿ, ನನ್ನ ಕೂಸಿನ ಆಣಿ, ಅಂದೆನೋ ಅಥವಾ ಅಂದುಕೊಂಡೆನೋ. ಮುರಗೆಪ್ಪನ್ನ ಕರೀರಿ, ಮಗ್ಗ ನಿಂತೈತಿ, ಬಿಡುವದಾನ, ಬಂದು ನೋಡ್ಲಿ, ಇವತ್ತಽ ಈಕಿ ಗಂಟು ಕಟ್ಲಿ, ಕೂಸನ್ನ ಇತ್ಲಾಗ ಕೊಡು. ಅವಳ ಎರಡು ಕೈ ಗೂಳಪ್ಪನ ಕಂಕುಳಕ್ಕೆ ಬಂದವು, ನಾನು ಬಿಗಿ ಹಿಡಿದೆ, ಎಳೆದಾಟದಲ್ಲಿ ಅವನ ಕೊರಳಿನ ದಾರ ನನ್ನ ಬಳೆಗೆ ಸಿಕ್ಕಿತು, ದೀಪಾವಳಿ ತನಕ ಅಂದಿದ್ದಳು, ದೀಪಾವಳಿ ಇನ್ನೂ ದೂರ ಇದೆ, ಇವತ್ತೇ ಅಂದರೆ ಹೇಗೆ, ಮನೆಯಲ್ಲಿ ಬೇಳೆ ನೆನೆಹಾಕಿ ಬಂದಿದ್ದೇನೆ — ಇಂಥಾ ಹೊತ್ತಿನಲ್ಲಿ ಬೇಳೆ ಯಾಕೆ ನೆನಪಾಗುತ್ತದೆ — ನನ್ನ ಮಗನಿಗೆ ಯಾರು ತಿನ್ನಿಸಿದರು, ನಾನು ತಿನ್ನಿಸಿಲ್ಲ, ಗಾಳಿಯಲ್ಲಿ ಬಂದು ಬಾಯಿಗೆ ಬೀಳುವ ವಸ್ತುವಲ್ಲ ಅದು, ಡಾಕ್ಟರಬಾಯಿಯ ಶೀಸೆಯೇ ಸುಳ್ಳಿರಬೇಕು, ಚೀಟಿ ಅದಲು ಬದಲಾಗಿರಬೇಕು, ಆದರೆ ಅದೇ ಶೀಸೆಯ ಹನಿ ಬೋರವ್ವನ ಮಗಳಿಗೂ ಹಾಕಿದರಲ್ಲ. ಗೂಳಪ್ಪ ಕೆಮ್ಮಿದ. ಒಂದೇ ಕೆಮ್ಮು, ಒಣದು. ನಾನೂ ಅತ್ತೆಯೂ ಎಳೆದಾಟ ಬಿಟ್ಟು ಹಾಗೇ ನಿಂತೆವು, ಆ ಕೆಮ್ಮು ನಮ್ಮಿಬ್ಬರಿಗೂ ಗೊತ್ತು.

ಯಾವಾಗಲೂ ಸಂಜೆಗೆ ಬರುವುದು ಇವತ್ತು ಮಧ್ಯಾಹ್ನಕ್ಕೇ ಬಂತು, ಎದೆಯೊಳಗೆ ಸಿಳ್ಳು, ಕೊರಳ ಗುಂಡಿ ಒಳಕ್ಕೆ ಹೋಗಿ ಹೋಗಿ ಬರುತ್ತಿದೆ, ತುಟಿ ದಪ್ಪಗಾಗಿದೆ, ಕಣ್ಣು ನನ್ನನ್ನೇ ನೋಡುತ್ತಿವೆ, ಅವ್ವಾ ಅನ್ನಲು ಹೋಗುತ್ತಾನೆ ಅವ್ ಅಂತಲೇ ನಿಲ್ಲುತ್ತದೆ. ಸರೀರಿ ಎಲ್ಲಾರೂ, ಗಾಳಿ ಬಿಡ್ರಿ, ಡಾಕ್ಟರಬಾಯಿ ಆ ಗೀರನ್ನು ಒರೆಸಿದರು, ತೋಳಿಗೆ ಸೂಜಿ ಚುಚ್ಚಿದರು, ತೋಳು ತಿಕ್ಕುತ್ತಲೇ ಇದ್ದಾರೆ, ಅವರ ಗಡಿಯಾರ ನನ್ನ ಮೂಗಿನ ಹತ್ತಿರವೇ ಟಿಕ್ ಟಿಕ್ ಅನ್ನುತ್ತಿದೆ, ಅವನ ಹಣೆಯಲ್ಲಿ ಬೆವರು, ನಾನು ಸೆರಗು ತೆಗೆದು ಒರೆಸುತ್ತೇನೆ, ಒರೆಸುವಾಗ ಸೆರಗಿನ ತುದಿ ಕಾಣುತ್ತದೆ, ಅಲ್ಲಿ ಹಳದಿ. ಅರಿಷಿಣದ ಹಳದಿ, ಬೆರಳಗಲ. ಬೆಳಿಗ್ಗೆ ನಾನೇ ಒರೆಸಿದ್ದು. ಮಠದಿಂದ ಬಂದವನ ಮೇಲ್ತುಟಿಯ ಮೇಲೆ ಹಳದಿ ಗೆರೆ ಇತ್ತು, ಪ್ರತಿ ಸೋಮವಾರವೂ ಇರುತ್ತದೆ, ಏನೋ ಇದು ಮೀಸಿ ಬಂದಾವಲ್ಲೋ ನಿನಗ ಅಂತ ನಾನು ನಗುತ್ತಿದ್ದೆ, ಮಠದ ಹಾಲು ಅವ್ವಾ ಅನ್ನುತ್ತಿದ್ದ ಅವನು, ಅಜ್ಜಿ ಕುಡಿಸ್ತಾಳ, ವಾಸನಿ ಬರ್ತೈತಿ, ಮೂಗು ಹಿಡಿದು ಕುಡೀಬೇಕಂತ. ಮಠದಲ್ಲಿ ಹಾಲು ಕೊಡುತ್ತಾರೆಂದು ನಾನು ನಂಬಿದ್ದೆ, ದೇವರ ಹಾಲಿಗೆ ವಾಸನೆ ಯಾಕೆ ಅಂತ ಕೇಳಲಿಲ್ಲ, ಅತ್ತೆಯ ಕೈಯಿಂದ ಬಂದದ್ದನ್ನು ಈ ಓಣಿಯಲ್ಲಿ ಯಾರು ಕೇಳುತ್ತಾರೆ. ಆ ನಾಯಿ. ಡಾಕ್ಟರಬಾಯಿ ನಾಯಿಯ ಕೂದಲು ಬೇಕು ಅಂದಾಗ ಗೂಳಪ್ಪನೇ ಮುಂದೆ ಹೋಗಿ ತಂದುಕೊಟ್ಟ, ನಮ್ಮ ಸೋಮವಾರದ ನಾಯೀದು, ಅಂದ, ಎಲ್ಲರೂ ನಕ್ಕೆವು, ನಾಯಿಗೆ ಎಲ್ಲಿಯ ವಾರ, ಮುಧೋಳದ ತೆಳ್ಳನೆಯ ಬೇಟೆನಾಯಿ ಅದು, ಮಠದ ಹಿಂದಿನ ಕುರುಬರ ಓಣಿಯಲ್ಲಿ ಸಾವಕ್ಕನ ಮನೆ ಮುಂದೆ ಕಟ್ಟಿರುತ್ತಾರೆ, ಕುರಿ ಕಾಯಲು, ಸೋಮವಾರ ಅಜ್ಜಿಯ ಜೊತೆ ಅಲ್ಲಿಗೆ ಹೋಗದೆ ಇವನಿಗೆ ಅದರ ಸಲುಗೆ ಎಲ್ಲಿಂದ. ಸಾವಕ್ಕನ ಮನೆಯಲ್ಲಿ ಕುರಿ ಇವೆ, ನಾಯಿ ಇದೆ, ಕೋಳಿ ಇವೆ.

ಸಾವಕ್ಕನ ಮನೆಯಲ್ಲಿ ಕೋಳಿ ಇವೆ. ನಾನು ತಲೆ ಎತ್ತಿ ಅತ್ತೆಯನ್ನು ನೋಡುತ್ತೇನೆ. ಅವಳು ನನ್ನನ್ನು ನೋಡುತ್ತಿಲ್ಲ, ಮಗನ ಕೊರಳ ಗುಂಡಿಯನ್ನು ನೋಡುತ್ತಿದ್ದಾಳೆ, ಅದು ಒಳಗೆ ಹೋದಾಗ ಅವಳ ಕೊರಳೂ ಒಳಗೆ ಹೋಗುತ್ತದೆ. ಇವಳೇ. ಕೋಳಿ ಅಡ್ಡ ಬಂದರೆ ಕಾಲು ತೊಳೆಯುವ ಇವಳೇ. ನನ್ನನ್ನು ಈಗಷ್ಟೇ ಹೊಲಸು ತಿನ್ನಿಸಿದಾಕಿ ಅಂದ ಇದೇ ಬಾಯಿ. ಕೂಗಬೇಕು, ಎಲ್ಲರೆದುರಿಗೆ ಸೆರಗು ಹಿಡಿದು ತೋರಿಸಬೇಕು, ನೋಡ್ರಿ ನೋಡ್ರೀ ಈ ಹಳದಿ, ಸಾವಕ್ಕನ್ನ ಕರಸ್ರಿ, ಆದರೆ ಕೈ ಏಳುವುದಿಲ್ಲ, ನನಗೆ ಸಿಟ್ಟು ಬರಬೇಕಾದಲ್ಲಿ ಸಿಟ್ಟೂ ಬರುತ್ತಿಲ್ಲ, ಮಂಜಿನ ನೀರು ತಲೆಗೆ ಸುರಿದ ಹಾಗೆ ಆಗಿದೆ, ಮತ್ತು ಆ ನೀರಿನೊಳಗಿಂದ ಒಂದು ಹೆಸರು ಮೇಲೆ ಬರುತ್ತಿದೆ, ನೀಲಕಂಠ. ನೀಲಕಂಠ ಅಂದರೆ ನನ್ನ ಗಂಡನ ತಮ್ಮ, ನಾನು ನೋಡಿಲ್ಲ, ಗೂಳಪ್ಪನಷ್ಟೇ ಇದ್ದಾಗ ದಮ್ಮಿನಿಂದ ಹೋದವನು. ಬೀಳಗಿಯಿಂದ ಒಬ್ಬ ವೈದ್ಯ ಬಂದಿದ್ದನಂತೆ, ಹಸಿ ತತ್ತಿ ಒಡೆದು ಬಿಸಿ ಹಾಲಿಗೆ ಹಾಕಿ ಅರಿಷಿಣ ಬೆರೆಸಿ ಕುಡಿಸ್ರಿ, ಹುಡುಗ ಉಳೀತಾನ, ಅಂದನಂತೆ, ಮಾವನವರು ಅವನನ್ನು ಹೊಸ್ತಿಲು ದಾಟಿಸಿ ಅಟ್ಟಿದರಂತೆ, ಮೂರನೆಯ ದಿನಕ್ಕೆ ನೀಲಕಂಠ ಹೋದ. ಇದನ್ನು ಅತ್ತೆ ಎಷ್ಟು ಸಲ ಹೇಳಿಲ್ಲ, ಬಂದವರಿಗೆಲ್ಲ ಹೇಳುತ್ತಾಳೆ, ಮಗನ ಜೀವ ಹೋದ್ರೂ ಆಚಾರ ಬಿಡಲಿಲ್ಲ ನಾವು, ಹೇಳುವಾಗ ಕೊರಳು ಎತ್ತುತ್ತಾಳೆ, ನಾನು ಅದನ್ನು ಜಂಬ ಅಂದುಕೊಂಡಿದ್ದೆ, ಒಳಗೊಳಗೆ ಬೈದುಕೊಂಡಿದ್ದೆ ಕೂಡ, ಎಂಥಾ ಕಲ್ಲೆದೆಯ ಹೆಂಗಸು ಅಂತ. ಜಂಬ ಅಲ್ಲ ಅದು. ಇಷ್ಟು ವರ್ಷ ಅವಳು ಕೊರಳು ಎತ್ತಿದ್ದು ಅಳು ಕೆಳಗೆ ಇಳಿಯಲಿ ಅಂತ. ಮೊಮ್ಮಗನಿಗೆ ಅದೇ ಸಿಳ್ಳು ಕೇಳಿದಾಗ ಸೀದಾ ಸಾವಕ್ಕನ ಮನೆಗೆ ಹೋಗಿದ್ದಾಳೆ, ಮುಗಿಯಿತು.

ಮತ್ತು ಪ್ರತಿ ಸೋಮವಾರ ಕುಡಿಸಿದ್ದಾಳೆ, ಸಂಜೆಗೆ ದಮ್ಮು ಬಂದಿದೆ, ಬೆಳಗಿನ ಜಾವಕ್ಕೆ ಇಳಿದಿದೆ, ಇಳಿದದ್ದು ತತ್ತಿಯಿಂದ ಅಂತ ತಿಳಿದಿದ್ದಾಳೆ, ಮುಂದಿನ ಸೋಮವಾರ ಮತ್ತೆ ಕುಡಿಸಿದ್ದಾಳೆ. ಅವಳಿಗೆ ಈಗ ತಿಳಿಯುತ್ತಿದೆಯೇ, ತಿಳಿದಿರಬೇಕು, ಅವಳ ಬಾಯಿ ತೆರೆದೇ ಇದೆ, ಡಾಕ್ಟರಬಾಯಿಯ ತೋಳು ಹಿಡಿದು ಕೇಳುತ್ತಿದ್ದಾಳೆ, ಹಂಗಾರ ಇದರಿಂದಽ ಏನ್ರೀ ಉಸಿರು ಸಿಗೂದು, ಇದು ದಮ್ಮಿಗೆ ಔಷಧ ಅಂತಾರಲ್ರೀ. ಯಾರಿಗೋ ಔಷಧ ಇದ್ದೀತು, ಇಂವಗ ವಿಷ, ಡಾಕ್ಟರಬಾಯಿ ತಿರುಗಿ ನೋಡದೆಯೇ ಅಂದರು, ಆಮೇಲೆ ತಿರುಗಿದರು, ನನಗೆ ಅತ್ತೆಗೆ ಇಬ್ಬರಿಗೂ, ಕೇಳ್ರಿ ಇಲ್ಲೆ, ಖರೆ ಹೇಳ್ರಿ, ಇವತ್ತು ತಿಂದಾನೇನು, ಬರೀ ಈ ಗೀರಿನಿಂದ ಆಗಿದ್ರ ಒಂದು ಸೂಜಿ ಸಾಕು, ಮನಿಗೆ ಕಳಸ್ತೀನಿ, ಹೊಟ್ಟ್ಯಾಗ ಇದ್ರ ಇದು ಇಳಿದು ಮತ್ತ ಏರ್ತದ, ಮನ್ಯಾಗ ಏರಿದ್ರ ನಾ ಇರೂದಿಲ್ಲ, ತಿಳೀತೇನು, ಮತ್ತ ನನ್ನ ಕೈಯಾಗಿಲ್ಲ. ಯಾರ ಜಾತಿ ಹೋತು ಯಾರದು ಉಳೀತು ಅಂತ ನಾ ಕೇಳಲಿಕ್ಕತ್ತಿಲ್ಲ. ಇವತ್ತು ತಿಂದಾನೋ ಇಲ್ಲೋ.

ನಾನು ಹೇಳಬೇಕು, ನನಗೆ ಗೊತ್ತು, ಸೆರಗು ನನ್ನ ಕೈಯಲ್ಲಿದೆ, ಆದರೆ ನನಗೆ ಗೊತ್ತಿರುವುದು ಅರಿಷಿಣ ಮಾತ್ರ, ಅದರೊಳಗೆ ಏನಿತ್ತು ಅನ್ನುವುದು ಅವಳಿಗೆ ಗೊತ್ತು, ನಾನು ಹೇಳಿದರೆ ಹೊತ್ತು ಹೋಗುತ್ತದೆ, ತನ್ನ ಮ್ಯಾಲಿಂದು ನನ್ನ ಮ್ಯಾಲೆ ಹಾಕಾಕತ್ತಾಳ ಅನ್ನುತ್ತಾಳೆ, ಬೋರವ್ವ ಹೂಂ ಅನ್ನುತ್ತಾಳೆ, ಮುರಗೆಪ್ಪ ಬಂದು ನೆಲ ನೋಡುತ್ತಾನೆ, ಅಷ್ಟರಲ್ಲಿ, ಅಷ್ಟರಲ್ಲಿ — ಆದರೂ ಬಾಯಿ ತೆರೆದೆ, ಮುಂಜಾ ಅಂದೆ, ಮಾತು ಮುಗಿಯುವ ಮೊದಲೇ ಗೂಳಪ್ಪನ ತಲೆ ನನ್ನ ತೋಳಿನ ಮೇಲೆ ಹಿಂದಕ್ಕೆ ಬಿತ್ತು, ಕಣ್ಣಿನ ಬಿಳಿ ಕಂಡಿತು, ಆಗ ಒಂದು ಕೂಗು, ಗೂಳಪ್ಪಾ, ಅಂತ. ಅದು ನಾನು ಕೂಗಿದ್ದಲ್ಲ. ಪಡಸಾಲೆಯ ಹೆಂಗಸರು ಬಾಯಿಗೆ ಸೆರಗು ಒತ್ತಿದರು, ತತ್ತಿ ಅಂದಾಗಲೂ ಹಾಗೆ ಒತ್ತಿರಲಿಲ್ಲ, ಯಾಕೆಂದರೆ ಗೂಳಪ್ಪ ಅನ್ನುವುದು ಮಾವನವರ ಹೆಸರು, ತೀರಿಕೊಂಡ ಗಂಡನ ಹೆಸರು ಅಂತ ಅತ್ತೆ ಒಂದು ದಿನವೂ ಮೊಮ್ಮಗನನ್ನು ಆ ಹೆಸರಿನಿಂದ ಕರೆದವಳಲ್ಲ, ಸಾವಕಾರ ಅನ್ನುತ್ತಿದ್ದಳು, ನಮ್ಮ ಸಾವಕಾರ ಉಂಡನೇನು, ನಮ್ಮ ಸಾವಕಾರ ಮಲಗಿದನೇನು, ತೊಟ್ಟಿಲಿಗೆ ಹಾಕಿದ ದಿನವೂ ಹೆಸರು ಕೂಗಲು ಬೇರೆಯವರನ್ನು ಕರೆದಿದ್ದರು. ಗೂಳಪ್ಪಾ, ಏ ಗೂಳಪ್ಪಾ, ಕಣ್ಣ ತಗಿಯೋ. ನೆಲದ ಮೇಲೆ ಕುಕ್ಕರಿಸಿ ಕೂತಿದ್ದಾಳೆ, ಕೈ ಲಿಂಗದ ಮೇಲಿಲ್ಲ, ನನ್ನ ಮಗನ ಪಾದ ಹಿಡಿದುಕೊಂಡಿವೆ ಎರಡೂ ಕೈ. ಮುಂಜಾನಿ, ಅಂದಳು. ಡಾಕ್ಟರಬಾಯಿಗಲ್ಲ, ನನಗೆ ಅಂದಳು, ನನ್ನ ಮುಖ ನೋಡಿ ಅಂದಳು, ಮುಂಜಾನಿ ಶೇವಂತಿ. ಹಾಲಾಗ. ಸಾವಕ್ಕನ ಮನ್ಯಾಗ. 

ಎಷ್ಟು, ಅರ್ಧಾನೋ ಇಡೀದೋ, ಡಾಕ್ಟರಬಾಯಿ ಆಗಲೇ ಇನ್ನೊಂದು ಸೂಜಿಮದ್ದಿನ ಶೀಸೆಯ ಕೊರಳು ಮುರಿಯುತ್ತಿದ್ದಾರೆ. ಇಡೀದು. ಮೊದಲ ಅರ್ಧಾ ಕುಡಿಸ್ತಿದ್ದೆ, ಪೂರಾ ಹೋಗವಲ್ತು ಅಂತ ಇಡೀದು ಮಾಡೇನ್ರಿ, ನಾನಽ ನನ್ನ ಕೈಲೆ, ನೀಲಕಂಠಗ ಕುಡಸಲಿಲ್ಲ ಅಂತ, ನೀಲಕಂಠಗ — ಆತ್ರೀ, ಸಾಕು, ಹೇಳಿದ್ದು ಛಲೋ ಆತು, ಸಂಜಿ ತನಕಾ ಹುಡುಗ ನನ್ನ ಮುಂದನ ಇರ್ಲಿ, ಎಲ್ಲೂ ಒಯ್ಯಬ್ಯಾಡ್ರಿ, ಸೂಜಿ ಇನ್ನೊಂದು ತೋಳಿಗೆ ಹೋಯಿತು, ಒಳಗೆ ಮಗ್ಗಿ ನಿಂತಿದೆ, ಮಾಸ್ತರರು ಬಾಗಿಲಿಗೆ ಬಂದು ನಿಂತಿದ್ದಾರೆ, ಹೆಂಗಸರು ಯಾರೂ ಹೋಗಿಲ್ಲ, ಬೋರವ್ವ ಮಗಳ ಬೆನ್ನು ತಿಕ್ಕುವುದನ್ನು ಬಿಟ್ಟು ನೀರಿನ ತಂಬಿಗೆ ಹಿಡಿದುಕೊಂಡು ನಿಂತಿದ್ದಾಳೆ, ನಾಳೆ ಇವರೇ ಏನೇನು ಆಡಿಕೊಳ್ಳುತ್ತಾರೋ, ಮಠದಲ್ಲಿ ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕೂರಲು ಬಿಡುತ್ತಾರೋ ಇಲ್ಲವೋ, ನಾನು ಗಂಟು ಕಟ್ಟಬೇಕೋ ಬೇಡವೋ, ಯಾವುದೂ ನನಗೆ ನಾಟುತ್ತಿಲ್ಲ, ಸಿಳ್ಳು ಸಣ್ಣಗಾಗಿದೆ, ಆಗಿದೆಯೇ, ಕಿವಿ ಅವನ ಎದೆಗೆ ಇಟ್ಟರೆ ಆಗಿದೆ, ಕೊರಳ ಗುಂಡಿ ಅಷ್ಟು ಒಳಗೆ ಹೋಗುತ್ತಿಲ್ಲ, ಕಣ್ಣು ತೆರೆದಿದ್ದಾನೆ, ಕೆಂಪು ಕಣ್ಣು, ನನ್ನ ಎದೆಗೆ ಮತ್ತೆ ಮುಖ ಒತ್ತಿದ, ಬೆನ್ನು ಮತ್ತೆ ನನ್ನ ಕಣ್ಣ ಕೆಳಗೆ. ಅವ್ವಾ, ಅಂದ. ಪೂರ್ತಿ ಅಂದ. ಅವ್ವಾ, ಅಲ್ಲೆ ತುರಸ. ನನ್ನ ಕೈ ತಾನಾಗಿಯೇ ಹೋಯಿತು, ಆ ಕಡೆಯಿಂದ ಇನ್ನೊಂದು ಕೈ ಬಂತು, ನೂಲು ಹಿಡಿದು ಹಿಡಿದು ಬೆರಳ ತುದಿ ನುಣುಪಾದ ಮುದುಕಿಯ ಕೈ, ಹೆಬ್ಬೆರಳ ಉಗುರಿನ ಸಂದಿಯಲ್ಲಿ ಅರಿಷಿಣ ಇನ್ನೂ ಇತ್ತು, ಮುಟ್ಟಬ್ಯಾಡ್ರಿ ಅದನ್ನ, ಇಬ್ಬರೂ ಮುಟ್ಟಬ್ಯಾಡ್ರಿ, ಅಂದರು ಡಾಕ್ಟರಬಾಯಿ, ಎರಡು ಕೈಯೂ ಅಲ್ಲೇ ನಿಂತವು, ಅವನ ಬೆನ್ನಿಗಿಂತ ಬೆರಳಷ್ಟು ಮೇಲೆ, ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅವಳೂ ತೆಗೆದುಕೊಳ್ಳಲಿಲ್ಲ, ಕೆಳಗೆ ಆ ಗುಳ್ಳೆ, ಬೆಳ್ಳಗೆ, ನಡುವೆ ಸೂಜಿಯ ಗೀರು, ಏನೂ ಆಗಬಾರದ ಗೀರು, ಸುತ್ತ ಕೆಂಪಗೆ, ಬೆಳ್ಳಗೆ, ಇನ್ನೂ ಇಳಿದಿಲ್ಲ, ಬೆಳ್ಳಗೆ